ಕಸೂತಿ ಪೆಟ್ಟಿಗೆಯಲ್ಲಿ ಉಳಿದ ಚೀಟಿ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವಿಟ್‌ವರ್ತ್ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಹದಿನೇಳನೆಯ ಶತಮಾನದ ಒಂದು ಪುಟ್ಟ ಪೆಟ್ಟಿಗೆಯಿದೆ. ಮರದ ಪೆಟ್ಟಿಗೆ, ಮೈತುಂಬ ಕಸೂತಿ ಹೊದ್ದದ್ದು. ಮುಂಭಾಗದಲ್ಲಿ ಎರಡು ಬಾಗಿಲುಗಳು, ತೆರೆದರೆ ಒಳಗೆ ಖಾನೆಗಳು. ಆ ಬಾಗಿಲುಗಳ ಮೇಲೆ ಬೈಬಲಿನ ಹಳೆಯ ಒಡಂಬಡಿಕೆಯ ಇಬ್ಬರು ಹೆಂಗಸರ ಕಥೆ ಹೊಲಿಯಲಾಗಿದೆ. ಒಬ್ಬಳು ದೆಬೋರ, ಹಿಂಜರಿಯುತ್ತಿದ್ದ ಸೇನಾನಿ ಬಾರಾಕನನ್ನು ಯುದ್ಧಕ್ಕೆ ಹೊರಡಿಸಿದ ಪ್ರವಾದಿನಿ. ಇನ್ನೊಬ್ಬಳು ಯಾಯೇಲ. ಸೋತು ಓಡಿಬಂದ ಶತ್ರು ಸೇನಾಪತಿ ಸೀಸೆರನನ್ನು ಗುಡಾರದೊಳಕ್ಕೆ ಕರೆದು, ಕುಡಿಯಲು ಹಾಲು ಕೊಟ್ಟು, ಹೊದಿಕೆ ಹೊದಿಸಿ, ಅವನಿಗೆ ನಿದ್ದೆ ಹತ್ತಿದ ಮೇಲೆ ಗುಡಾರದ ಗೂಟವನ್ನು ಕೊಡತಿಯಿಂದ ಅವನ ಕಣತಲೆಗೆ ಹೊಡೆದು ಕೊಂದವಳು. ಇದನ್ನು ಹೊಲಿದವಳ ಹೆಸರು ಹಾನಾ ಸ್ಮಿತ್. ಹೊಲಿಯುವಾಗ ಅವಳ ವಯಸ್ಸು ಹನ್ನೆರಡರಿಂದ ಹದಿನಾಲ್ಕು.

ಆ ಪೆಟ್ಟಿಗೆಯೊಂದಿಗೆ ಅವಳದೇ ಕೈಬರಹದ ಒಂದು ಚೀಟಿಯೂ ಉಳಿದುಕೊಂಡಿದೆ. 1657ರಲ್ಲಿ ಬರೆದದ್ದು. ಅದರ ಸಾರಾಂಶ ಇಷ್ಟು: ತಾನು ಆಕ್ಸ್‌ಫರ್ಡಿಗೆ ಹೋದದ್ದು 1654ರಲ್ಲಿ, ಆಗ ತನಗೆ ಹನ್ನೆರಡು ತುಂಬುತ್ತ ಬಂದಿತ್ತು, ಸುಮಾರು ಎರಡು ವರ್ಷ ಅಲ್ಲಿದ್ದು 1656ರಲ್ಲಿ ಹಿಂದಿರುಗಿದ್ದಾಯಿತು, ಕಸೂತಿಯನ್ನು ಅಲ್ಲಿಯೇ ಮುಗಿಸಿದ್ದಾಯಿತು, ಅದೇ ವರ್ಷ ಲಂಡನ್ನಿನಲ್ಲಿ ಅದನ್ನು ಪೆಟ್ಟಿಗೆಗೆ ಕಟ್ಟಿಸಲಾಯಿತು. ಮುಂದೆಂದಾದರೂ ತನಗೇ ಮರೆತುಹೋದರೆ ನೋಡಿಕೊಳ್ಳಲೆಂದೂ, ಇದರ ಬಗ್ಗೆ ವಿಚಾರಿಸುವವರು ಯಾರಾದರೂ ಬಂದರೆ ಅವರಿಗೆ ತಿಳಿಯಲೆಂದೂ ಬರೆದಿಟ್ಟಿರುವುದಾಗಿ ಹೇಳಿ ಕೆಳಗೆ ಹೆಸರು ಹಾಕಿದ್ದಾಳೆ. ಕಾಗುಣಿತ ಅಡ್ಡಾದಿಡ್ಡಿ, ಅರ್ಧವಿರಾಮಗಳು ಕಂಡಕಂಡಲ್ಲಿ. ಆದರೆ ಆ ಹುಡುಗಿಗೆ ಒಂದು ವಿಷಯದಲ್ಲಿ ಅನುಮಾನವಿರಲಿಲ್ಲ: ವಿಚಾರಿಸುವವರು ಬರುತ್ತಾರೆ.

ಈ ಪೆಟ್ಟಿಗೆಯನ್ನು ನಾನು ಕಂಡಿರುವುದು ಚಿತ್ರಗಳಲ್ಲಿ ಮಾತ್ರ. ಅದರ ಓರಗೆಯ ಇತರ ಕಸೂತಿಗಳನ್ನು, ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ, ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನೋಡಿದೆ. ನಿಜ ಹೇಳಬೇಕೆಂದರೆ, ಮೊದಲ ದಿನ ಅವುಗಳ ಮುಂದೆ ನಿಲ್ಲದೆಯೇ ದಾಟಿಹೋಗಿದ್ದೆ. ಟಿಪ್ಪುವಿನ ಮರದ ಹುಲಿಯನ್ನು ನೋಡುವ ಅವಸರ ನನಗೆ. ಕನ್ನಡಿಗರಿಗೆ ಅಲ್ಲಿ ಅದೊಂದು ತೀರ್ಥಯಾತ್ರೆ. ಎರಡನೆಯ ಬಾರಿ ಹೋದಾಗ ಮಳೆ ಸುರಿಯುತ್ತಿತ್ತು, ಹೊರಡುವಂತಿರಲಿಲ್ಲ. ಅರೆಗತ್ತಲಿನ ಆ ಕೋಣೆಗಳಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದವನಿಗೆ ಗಾಜಿನ ಹಿಂದಿನ ಒಂದು ಸಿಂಹ ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲಿ ಸಿಂಹದಷ್ಟೇ ದೊಡ್ಡದೊಂದು ಕಂಬಳಿಹುಳು. ಆಮೇಲೆ ಆ ಕೋಣೆಯಿಂದ ಹೊರಬರಲು ಬಹಳ ಹೊತ್ತು ಹಿಡಿಯಿತು.

ಅವು ಹೇಗಿರುತ್ತವೆ ಎಂಬುದನ್ನು ಹೇಳಲೇಬೇಕು. ನೆಲ ಬಿಳಿಯ ಸ್ಯಾಟಿನ್ ಬಟ್ಟೆ. ಅದರ ಮೇಲೆ ರೇಷ್ಮೆ ನೂಲು, ಬೆಳ್ಳಿಗೆ ಚಿನ್ನದ ಲೇಪ ಕೊಟ್ಟ ಜರಿ, ಸುರುಳಿ ಸುತ್ತಿದ ತಂತಿ, ಸಣ್ಣ ಮುತ್ತು, ಹವಳ, ಚಮಕಿ. ಕೋಟೆಯ ಕಿಟಕಿಗಳಿಗೆ ಗಾಜಿನ ಬದಲು ಅಭ್ರಕದ ತೆಳು ಹಾಳೆ. ಎಷ್ಟೋ ಚಿತ್ರಗಳಲ್ಲಿ ಮನುಷ್ಯರೂ ಮೃಗಗಳೂ ಬಟ್ಟೆಯ ಮೇಲೆ ಉಬ್ಬಿ ನಿಂತಿರುತ್ತವೆ. ಒಳಗೆ ಉಣ್ಣೆಯನ್ನೋ ಅರಳೆಯನ್ನೋ ತುಂಬಿ, ಕೈಗಳನ್ನು ಮರದಲ್ಲಿ ಕೆತ್ತಿ ರೇಷ್ಮೆ ಸುತ್ತಿರುತ್ತಾರೆ. ರಾಣಿಯ ಕಸೂತಿ ಕೊರಳಪಟ್ಟಿಯನ್ನು ಬೇರೆಯಾಗಿಯೇ ಹೆಣೆದು ಅಂಟಿಸಿರುವುದರಿಂದ ಬೆರಳಿನಿಂದ ಎತ್ತಿ ನೋಡಬಹುದು. ಅಂದರೆ ಗಾಜು ಇಲ್ಲದಿದ್ದರೆ ನೋಡಬಹುದಿತ್ತು. ಇಂಥ ಕೆಲಸಕ್ಕೆ ಆ ಕಾಲದವರು ಇಟ್ಟ ಹೆಸರು ‘ಎತ್ತರಿಸಿದ ಕೆಲಸ’ ಎಂದು. ಈಗ ಪ್ರಚಾರದಲ್ಲಿರುವ ‘ಸ್ಟಂಪ್‌ವರ್ಕ್’ ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದ್ದು.

ಅಬ್ರಹಾಮನು ಅಲ್ಲಿ ಬೂಟು ಹಾಕಿದ್ದಾನೆ, ಅವನ ದಾಸಿ ಹಾಗರಳು ಸೊಂಟ ಬಿಗಿದ ಗೌನು ತೊಟ್ಟಿದ್ದಾಳೆ. ಪ್ಯಾಲೆಸ್ಟೈನಿನ ಮರುಭೂಮಿಯಲ್ಲಿ ಸ್ಟ್ರಾಬೆರಿ ಬಿಟ್ಟಿದೆ. ಆಕಾಶದಲ್ಲಿ ಮನುಷ್ಯಮುಖದ ಸೂರ್ಯ, ಕೆಳಗೆ ಬಸವನಹುಳು, ಚಿಟ್ಟೆ, ಮೊಲ, ಮೀನು ತುಂಬಿದ ಒಂದು ಕೊಳ. ಪ್ರಮಾಣದ ಗೊಡವೆ ಯಾರಿಗೂ ಇಲ್ಲ. ಪಂಡಿತರು ಇದನ್ನು ಬಾಲಿಶವೆಂದರು. ನನಗೆ ಹಾಗೆನ್ನಿಸಲಿಲ್ಲ. ಬಟ್ಟೆಯಲ್ಲಿ ಖಾಲಿ ಜಾಗ ಕಂಡರೆ ಅದನ್ನು ಒಂದು ಜೀವದಿಂದ ತುಂಬಬೇಕು ಎಂಬ ಆಸೆ, ನಮ್ಮ ಗುಡಿಗಳ ಕಂಬದ ಮೇಲೂ ಮೊಲ, ಕೋತಿ, ಹಂಸಗಳನ್ನು ಕೆತ್ತಿದ ಕೈಗಳಿಗೆ ಪರಿಚಿತವಾದದ್ದೇ.

ಈ ಕಥೆಗಳು ಹುಡುಗಿಯರ ಸೂಜಿಗೆ ಬಂದದ್ದು ಹೇಗೆ? ಅದಕ್ಕೊಂದು ಹಿನ್ನೆಲೆಯಿದೆ, ಮತ್ತು ಅದು ಅಷ್ಟೇನೂ ಹಿತವಾದ ಹಿನ್ನೆಲೆಯಲ್ಲ.

ಅದಕ್ಕೂ ಮುನ್ನೂರು ನಾಲ್ಕುನೂರು ವರ್ಷ ಮೊದಲು ಇಂಗ್ಲೆಂಡಿನ ಕಸೂತಿಗೆ ಯೂರೋಪಿನಲ್ಲೆಲ್ಲ ಹೆಸರಿತ್ತು. ಲ್ಯಾಟಿನ್ನಿನಲ್ಲಿ ಅದನ್ನು ‘ಓಪಸ್ ಆಂಗ್ಲಿಕಾನುಮ್’ ಎಂದರೆ ‘ಇಂಗ್ಲಿಷ್ ಕೆಲಸ’ ಎಂದೇ ಕರೆಯುತ್ತಿದ್ದರು. ಮುಖ್ಯವಾಗಿ ಲಂಡನ್ನಿನ ಕಾರ್ಯಾಗಾರಗಳಲ್ಲಿ ಗಂಡಸರೂ ಹೆಂಗಸರೂ ಸೇರಿ ಬಿಷಪ್ಪರ ಮೇಲುಹೊದಿಕೆಗಳನ್ನು ಹೊಲಿಯುತ್ತಿದ್ದರು. ಚಿನ್ನದ ನೂಲನ್ನು ಬಟ್ಟೆಯ ಮೇಲಿಟ್ಟು, ಹಿಂಬದಿಯಿಂದ ಇನ್ನೊಂದು ನೂಲಿನಿಂದ ಅದನ್ನು ಚೂರೇ ಚೂರು ಒಳಗೆಳೆದು ಹಿಡಿಯುವ ವಿಧಾನ ಅವರದು; ಹೀಗೆ ಮಾಡಿದಾಗ ಪ್ರತಿ ಹೊಲಿಗೆಯೂ ಒಂದು ಕೀಲಿನಂತಾಗಿ, ಮೈತುಂಬ ಚಿನ್ನವಿದ್ದರೂ ಬಟ್ಟೆ ಸೆಡೆಯದೆ ಬಳುಕುತ್ತದೆ. ಮುಖಗಳನ್ನು ಸೀಳುಹೊಲಿಗೆಯಲ್ಲಿ ಮಾಡುತ್ತಿದ್ದರು; ಕೆನ್ನೆಯ ಉಬ್ಬಿನ ಮೇಲೆ ನೂಲು ಸುರುಳಿಯಾಗಿ ಸುತ್ತುತ್ತದೆ. 1246ರಲ್ಲಿ ಪೋಪ್ ನಾಲ್ಕನೆಯ ಇನೊಸೆಂಟ್ ಇಂಗ್ಲಿಷ್ ಪಾದ್ರಿಗಳ ಉಡುಪಿನ ಮೇಲಿನ ಕೆಲಸಕ್ಕೆ ಮರುಳಾಗಿ ಅಂಥದ್ದನ್ನೇ ಕಳುಹಿಸಿರೆಂದು ಅಲ್ಲಿನ ಮಠಾಧಿಪತಿಗಳಿಗೆ ಪತ್ರ ಬರೆಸಿದನೆಂದೂ, ಲಂಡನ್ನಿನ ವ್ಯಾಪಾರಿಗಳಿಗೆ ಇದರಿಂದ ಸಂತೋಷವೇ ಆಗಿ ಹೇಳಿದ್ದೇ ಬೆಲೆಯಾಯಿತೆಂದೂ ಸಮಕಾಲೀನ ಚರಿತ್ರಕಾರ ಮ್ಯಾಥ್ಯೂ ಪ್ಯಾರಿಸ್ ಸ್ವಲ್ಪ ವ್ಯಂಗ್ಯವಾಗಿಯೇ ದಾಖಲಿಸಿದ್ದಾನೆ. 1295ರ ವ್ಯಾಟಿಕನ್ ಆಸ್ತಿಪಟ್ಟಿಯಲ್ಲಿ ಈ ‘ಇಂಗ್ಲಿಷ್ ಕೆಲಸ’ದ ಉಲ್ಲೇಖ ನೂರಕ್ಕೂ ಹೆಚ್ಚು ಕಡೆ ಬರುತ್ತದೆ.

ಹದಿನಾರನೆಯ ಶತಮಾನದ ಮಧ್ಯದಲ್ಲಿ ಇದೆಲ್ಲ ಮುಗಿಯಿತು. ಎಂಟನೆಯ ಹೆನ್ರಿ ರೋಮಿನೊಂದಿಗೆ ಸಂಬಂಧ ಕಡಿದುಕೊಂಡು ಮಠಗಳನ್ನು ಮುಚ್ಚಿಸಿದ. ಅವನ ಮಗ ಆರನೆಯ ಎಡ್ವರ್ಡನ ಕಾಲದಲ್ಲಿ ಚರ್ಚುಗಳ ಸೊತ್ತಿನ ಪಟ್ಟಿ ಮಾಡಿಸಿ ವಶಪಡಿಸಿಕೊಂಡರು. ಸಂತರ ಚಿತ್ರಗಳು ವಿಗ್ರಹಾರಾಧನೆ ಎನಿಸಿಕೊಂಡವು. ಕಸೂತಿಯ ಹೊದಿಕೆಗಳಲ್ಲಿ ಕೆಲವನ್ನು ಚಿನ್ನಕ್ಕಾಗಿ ಸುಟ್ಟರು, ಕೆಲವನ್ನು ಕತ್ತರಿಸಿ ದಿಂಬು, ಹಾಸುಗೆ ಮಾಡಿಕೊಂಡರು. ಡರ್ಬಿಶೈರಿನ ಹಾರ್ಡ್‌ವಿಕ್ ಹಾಲ್ ಎಂಬ ಅರಮನೆಯಲ್ಲಿ ಇಂದಿಗೂ ಇರುವ ದೊಡ್ಡ ಪರದೆಗಳನ್ನು ನೋಡಬೇಕು. ಪೆನೆಲೊಪಿ, ಲುಕ್ರಿಷಿಯಾ ಮೊದಲಾದ ಪುರಾತನ ವೀರನಾರಿಯರ ಆ ಚಿತ್ರಗಳನ್ನು ಹಳೆಯ ಚರ್ಚುಗಳ ಉಡುಪುಗಳನ್ನು ಕತ್ತರಿಸಿ ಜೋಡಿಸಿಯೇ ಮಾಡಿದ್ದು. ಪಾದ್ರಿಯ ಜರತಾರಿ ಹೊದಿಕೆ ಶ್ರೀಮಂತೆಯ ಗೋಡೆಗೆ ಬಂದಿತು.

ಉಳಿದುಬಂದ ಒಂದರ ಕಥೆ ಮಾತ್ರ ಹೇಳುತ್ತೇನೆ. ಸಿಯನ್ ಮಠದ ಸಂನ್ಯಾಸಿನಿಯರ ಬಳಿ ಹದಿನಾಲ್ಕನೆಯ ಶತಮಾನದ ಆರಂಭದ ಒಂದು ಅರ್ಧಚಂದ್ರಾಕಾರದ ಹೊದಿಕೆಯಿತ್ತು. ಶಿಲುಬೆಯ ಮೇಲಿನ ಕ್ರಿಸ್ತ, ಮೇರಿಯ ಪಟ್ಟಾಭಿಷೇಕ, ಬೆರಳಿಟ್ಟು ಗಾಯವನ್ನು ಪರೀಕ್ಷಿಸುವ ಸಂಶಯದ ಥಾಮಸ್, ಗಾಲಿಗಳ ಮೇಲೆ ನಿಂತ ದೇವದೂತರು ಎಲ್ಲರೂ ಅದರಲ್ಲಿದ್ದಾರೆ. ಮಠ ಮುಚ್ಚಿಹೋದ ಮೇಲೆ ಆ ಸಂನ್ಯಾಸಿನಿಯರು ದೇಶಬಿಟ್ಟು ನೆದರ್ಲೆಂಡ್ಸ್ ಕಡೆಗೆ, ಅಲ್ಲಿಂದ ಫ್ರಾನ್ಸಿಗೆ, ಕೊನೆಗೆ 1594ರಲ್ಲಿ ಲಿಸ್ಬನ್ನಿಗೆ ಹೋದರು; ಹೊದಿಕೆಯೂ ಅವರೊಂದಿಗೆ ಹೋಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಇಂಗ್ಲೆಂಡಿಗೆ ಮರಳಿತು. 1864ರಿಂದ ಲಂಡನ್ನಿನ ಅದೇ ವಸ್ತುಸಂಗ್ರಹಾಲಯದ ಆಸ್ತಿ. 2016ರಲ್ಲಿ ಅಲ್ಲಿ ಈ ಮಧ್ಯಯುಗದ ಕಸೂತಿಗಳ ದೊಡ್ಡ ಪ್ರದರ್ಶನವೇ ನಡೆಯಿತು. ಊರೂರುಗಳಿಗೆ ಚೆದುರಿಹೋಗಿದ್ದ ತುಂಡುಗಳು ಬಹುಕಾಲದ ಮೇಲೆ ಒಂದೆಡೆ ಸೇರಿದವು.

ಹದಿನೇಳನೆಯ ಶತಮಾನದ ನಡುವಿನಲ್ಲಿ ಇನ್ನೊಂದು ಸುತ್ತಿನ ಭಂಜನೆ ನಡೆಯಿತು. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಮರುವರ್ಷ ವಿಲಿಯಂ ಡೌಸಿಂಗ್ ಎಂಬಾತ ಪಾರ್ಲಿಮೆಂಟಿನ ಪರವಾಗಿ ಕೇಂಬ್ರಿಜ್‌ಶೈರ್, ಸಫೊಕ್‌ಗಳ ಚರ್ಚುಗಳನ್ನು ಒಂದೊಂದಾಗಿ ಹೊಕ್ಕು ದೇವದೂತರನ್ನೂ ಬಣ್ಣದ ಗಾಜನ್ನೂ ಒಡೆಸತೊಡಗಿದ. ಎಲ್ಲಿ ಎಷ್ಟು ಒಡೆದೆ ಎಂಬ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಟ್ಟ. 1649ರಲ್ಲಿ ರಾಜನ ತಲೆಯೇ ಉರುಳಿತು. ಸರಿಸುಮಾರು ಈ ವರ್ಷಗಳಲ್ಲಿಯೇ ಉಳ್ಳವರ ಮನೆಗಳಲ್ಲಿ ಹುಡುಗಿಯರು ಕಿಟಕಿಯ ಪಕ್ಕದಲ್ಲಿ ಕುಳಿತು ಅಬ್ರಹಾಮನ ಕತ್ತಿಯನ್ನು ತಡೆಯುವ ದೇವದೂತನಿಗೆ ರೇಷ್ಮೆಯ ರೆಕ್ಕೆ ಹೊಲಿಯುತ್ತಿದ್ದರು. ಚರ್ಚಿನಲ್ಲಿ ಕೂಡದ್ದು ಹಜಾರದಲ್ಲಿ ಕೂಡುತ್ತಿತ್ತು. ಇಲ್ಲಿ ಒಂದು ಹೊಂದಾಣಿಕೆಯೂ ಇತ್ತೆನ್ನಿ. ಮನೆಯ ಕಸೂತಿಯಲ್ಲಿ ಮೇರಿಯಿಲ್ಲ, ಸಂತರಿಲ್ಲ, ಪೂಜೆಗೆ ಒದಗುವ ಮುಖಗಳಿಲ್ಲ. ಬಹುಮಟ್ಟಿಗೆ ಎಲ್ಲವೂ ಹಳೆಯ ಒಡಂಬಡಿಕೆಯ ಕಥಾಪ್ರಸಂಗಗಳು. ಕೈಮುಗಿಯುವ ಚಿತ್ರವಲ್ಲ, ಓದುವ ಚಿತ್ರ. ಸುಧಾರಣಾವಾದಿಗಳು ಅದನ್ನು ಒಪ್ಪುವಷ್ಟು ಉದಾರಿಗಳಾಗಿದ್ದರು. ಅಥವಾ ಹೆಣ್ಣುಮಕ್ಕಳ ಹೊಲಿಗೆಯಲ್ಲಿ ಏನಿದೆ ಎಂದು ಬಗ್ಗಿ ನೋಡುವ ವ್ಯವಧಾನ ಅವರಿಗಿರಲಿಲ್ಲ. ಎರಡನೆಯದೇ ಹೆಚ್ಚು ನಿಜವಿರಬೇಕೆಂದು ನನ್ನ ಗುಮಾನಿ.

ಯಾವ ಪ್ರಸಂಗಗಳನ್ನು ಅವರು ಆರಿಸಿಕೊಂಡರೆಂಬುದು ಕುತೂಹಲಕರ. ಎಲ್ಲಕ್ಕಿಂತ ಜನಪ್ರಿಯಳಾದವಳು ಎಸ್ತೇರ್. ಪಾರಸಿಯ ರಾಜ ಅಹಷ್ವೇರೋಷನ ಯೆಹೂದಿ ರಾಣಿ. ಮಂತ್ರಿ ಹಾಮಾನನು ಅವಳ ಜನರನ್ನೆಲ್ಲ ಕೊಲ್ಲಿಸಲು ಆಜ್ಞೆ ಹೊರಡಿಸಿದ್ದಾನೆ. ಕರೆಯದೆ ರಾಜನ ಸನ್ನಿಧಿಗೆ ಹೋದವರಿಗೆ ಮರಣದಂಡನೆ. ರಾಜನು ಚಿನ್ನದ ದಂಡವನ್ನು ಚಾಚಿದರೆ ಮಾತ್ರ ಬದುಕು. ಅವಳು ಕರೆಯದೆ ಹೋಗುತ್ತಾಳೆ. ಕಸೂತಿಯಲ್ಲಿ ಮತ್ತೆ ಮತ್ತೆ ಬರುವುದು ಆ ಒಂದು ಕ್ಷಣ: ಮಂಡಿಯೂರುತ್ತಿರುವ ರಾಣಿ, ಛತ್ರದ ಕೆಳಗೆ ಕೂತ ರಾಜ, ಇಬ್ಬರ ನಡುವೆ ಚಾಚಿದ ದಂಡ. ಆ ದಂಡಕ್ಕೆ ಜರಿಯೇ ಆಗಬೇಕು. ಎಷ್ಟೋ ಕಸೂತಿಗಳಲ್ಲಿ ಆ ರಾಜನಿಗೆ ಒಂದನೆಯ ಚಾರ್ಲ್ಸನ ಚೂಪುಗಡ್ಡ, ಅವನದೇ ಉದ್ದಗೂದಲು. ಹಾಗಾಗಿ ಇವು ಶಿರಚ್ಛೇದಕ್ಕೊಳಗಾದ ರಾಜನಿಗೆ ನಿಷ್ಠರಾದ ಮನೆಗಳ ಗುಪ್ತ ಹೇಳಿಕೆಗಳು ಎಂದು ವಾದಿಸುವವರಿದ್ದಾರೆ. ಕೆಲವು ಹಾಗಿರಲೂಬಹುದು. ಆದರೆ ಎಲ್ಲವನ್ನೂ ರಾಜಕಾರಣಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ‘ರಾಜ’ ಎಂದೊಡನೆ ಆ ಕಾಲದ ಇಂಗ್ಲಿಷ್ ಮನಸ್ಸಿಗೆ ಬರುತ್ತಿದ್ದ ಮುಖ ಅದೊಂದೇ ಆಗಿದ್ದೀತು. ನಮ್ಮ ಕ್ಯಾಲೆಂಡರಿನ ರಾಮನ ಆಸ್ಥಾನವೂ ಅರ್ಧ ಮೈಸೂರು ಅರಮನೆಯಂತೆ ಕಾಣುವುದಿಲ್ಲವೇ?

ಹಾಗರಳ ಕಥೆಯೂ ಹೀಗೆಯೇ ಪ್ರಿಯವಾಗಿತ್ತು. ಮಕ್ಕಳಿಲ್ಲದ ಸಾರಾ ತಾನಾಗಿಯೇ ದಾಸಿಯನ್ನು ಗಂಡನಿಗೆ ಒಪ್ಪಿಸಿದವಳು. ತನಗೆ ಇಸಾಕ ಹುಟ್ಟಿದ ಮೇಲೆ ಆ ದಾಸಿಯನ್ನೂ ಅವಳ ಮಗ ಇಷ್ಮಾಯೇಲನನ್ನೂ ಹೊರಗಟ್ಟಿಸಿದಳು. ಕಸೂತಿಯಲ್ಲಿ ಅಬ್ರಹಾಮನು ಕೈ ತೋರಿ ದಾರಿ ಹಿಡಿ ಎನ್ನುತ್ತಾನೆ. ಹಾಗರಳು ಮಗುವಿನ ಕೈಹಿಡಿದು, ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ಹೊರಟಿದ್ದಾಳೆ. ಹಿಂದೆ ಗುಡಾರದ ಬಾಗಿಲಲ್ಲಿ ಸಾರಾ ಇಣುಕುತ್ತಾಳೆ. ಅವಳ ಇಣುಕುವ ಮುಖ ಒಂದು ಕಡಲೆಕಾಳಿನಷ್ಟೂ ಇರುವುದಿಲ್ಲ. ಸವತಿಯ ಕಾಟ, ಕಾಡಿಗಟ್ಟಿಸಿಕೊಂಡ ತಾಯಿ, ತಂದೆಯಿಲ್ಲದೆ ಬೆಳೆದ ಮಗ, ಇವೆಲ್ಲ ನಮಗೇನು ಹೊಸತೇ? ಮನೆತುಂಬ ಕೆಲಸದವರಿದ್ದ ಕುಟುಂಬಗಳ ಹುಡುಗಿಯರು ತಿಂಗಳಾನುಗಟ್ಟಲೆ ಕುಳಿತು ಒಬ್ಬ ಕೆಲಸದವಳ ಗಡೀಪಾರಿನ ಚಿತ್ರವನ್ನು ಹೊಲಿದರು. ಹೊಲಿಯುತ್ತ ಅವರು ಯಾರ ಕಡೆಗಿದ್ದರು?

ಇಲ್ಲಿ ಪಂಡಿತರು ಒಂದು ಆಕ್ಷೇಪ ಎತ್ತುತ್ತಾರೆ. ಈ ಚಿತ್ರಗಳ ವಿನ್ಯಾಸ ಹುಡುಗಿಯರದಲ್ಲ. ಆಂಟ್‌ವರ್ಪಿನ ಗೆರಾರ್ಡ್ ಡಿ ಯೋಡೆ 1579ರಲ್ಲಿ ಪ್ರಕಟಿಸಿದ ಬೈಬಲ್ ಚಿತ್ರಗಳ ಸಂಪುಟದಂಥವುಗಳಿಂದ, ಲಂಡನ್ನಿನ ಪೀಟರ್ ಸ್ಟೆಂಟನಂಥ ಮುದ್ರಣ ವ್ಯಾಪಾರಿಗಳ ಹಾಳೆಗಳಿಂದ ಎತ್ತಿಕೊಂಡವು. ವೃತ್ತಿಪರ ಗೆರೆಗಾರರು ಸ್ಯಾಟಿನ್ನಿನ ಮೇಲೆ ಶಾಯಿಯಲ್ಲಿ ರೇಖೆಗಳನ್ನು ಬರೆದು ಮಾರುತ್ತಿದ್ದರು. ಕಸೂತಿ ಸವೆದುಹೋದ ಕಡೆ ಆ ಶಾಯಿ ಈಗಲೂ ಕಾಣುತ್ತದೆ. ಆದ್ದರಿಂದಲೇ ಗ್ಲಾಸ್ಗೋದ ಎಸ್ತೇರಳೂ ನ್ಯೂಯಾರ್ಕಿನ ಎಸ್ತೇರಳೂ ಒಂದೇ ಭಂಗಿಯಲ್ಲಿ ನಿಂತಿರುತ್ತಾರೆ. ಇದು ಸ್ವಂತ ಸೃಷ್ಟಿಯಲ್ಲ, ನಕಲು. ಆದುದರಿಂದ ಕಲೆಯಲ್ಲ, ಕೈಕೆಲಸ ಎಂಬುದು ತೀರ್ಮಾನ.

ತೋಡಿ ರಾಗವನ್ನು ಹಾಡುವವರಾರೂ ತೋಡಿಯನ್ನು ಕಂಡುಹಿಡಿದವರಲ್ಲ ಎಂದು ನಮ್ಮಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಮೈಸೂರು ಶೈಲಿಯ ಚಿತ್ರಗಾರರೂ ಗುರುವಿನ ಮಾದರಿಯನ್ನಿಟ್ಟುಕೊಂಡೇ ಬರೆದರು. ರೇಖೆ ಬೇರೆಯವರದಾದರೂ ಬಣ್ಣ ಯಾವುದು, ಹೊಲಿಗೆ ಯಾವುದು, ಎಲ್ಲಿ ಉಬ್ಬಬೇಕು, ಎಲ್ಲಿ ಮುತ್ತು ಕೂರಬೇಕು, ಕಂಬಳಿಹುಳು ಸಿಂಹಕ್ಕಿಂತ ದೊಡ್ಡದಾಗಬೇಕೇ ಬೇಡವೇ ಎಂಬುದರಲ್ಲಿ ಹೊಲಿಯುವವಳ ಕೈ ಕಾಣುತ್ತದೆ. ಮತ್ತು ಕಥೆಯ ಆಯ್ಕೆ. ಒಬ್ಬ ಹನ್ನೆರಡು ವರ್ಷದ ಹುಡುಗಿಗೆ, ಅಥವಾ ಅವಳಿಗೆ ಕಲಿಸಿದವರಿಗೆ, ಪೆಟ್ಟಿಗೆಯ ಬಾಗಿಲಿಗೆ ಗೂಟ ಹೊಡೆಯುವ ಯಾಯೇಲಳೇ ಬೇಕೆನಿಸಿದ್ದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ರೋಸಿಕಾ ಪಾರ್ಕರ್ ಎಂಬ ಕಲಾ ಇತಿಹಾಸಕಾರ್ತಿ 1984ರಲ್ಲಿ ಪ್ರಕಟಿಸಿದ ‘ದ ಸಬ್ವರ್ಸಿವ್ ಸ್ಟಿಚ್’ ಎಂಬ ಪುಸ್ತಕ ಈ ವಿಷಯದಲ್ಲಿ ದಾರಿ ತೆರೆದದ್ದು. ಹೆಣ್ಣನ್ನು ಹೆಣ್ಣಾಗಿಸಲು, ಎಂದರೆ ತಲೆತಗ್ಗಿಸಿ ಕೂರುವುದನ್ನು ಕಲಿಸಲು ಕಸೂತಿಯನ್ನು ಬಳಸಲಾಯಿತೆಂದೂ, ಅದೇ ಕಸೂತಿ ಅವಳ ಕೈಗೆ ಒಂದು ಆಯುಧವಾಗಿಯೂ ಒದಗಿತೆಂದೂ ಆಕೆ ವಾದಿಸಿದರು. ಈ ಮಾತಿನ ಎರಡನೆಯ ಅರ್ಧವನ್ನಷ್ಟೇ ಹಿಡಿದುಕೊಂಡು ಪ್ರತಿ ಹೊಲಿಗೆಯಲ್ಲೂ ಬಂಡಾಯ ಕಾಣುವವರು ಈಗ ಹೆಚ್ಚಾಗಿದ್ದಾರೆ. ಅದು ನನಗೆ ಹಿಡಿಸದು. ಮಾರ್ಥಾ ಎಡ್ಲಿನ್ ಎಂಬ ಹುಡುಗಿಯ ಕಸೂತಿಗಳು ಲಂಡನ್ನಿನಲ್ಲಿವೆ. ಹುಟ್ಟಿದ್ದು 1660ರಲ್ಲಿ. ಎಂಟನೆಯ ವಯಸ್ಸಿಗೆ ಬಣ್ಣದ ನೂಲಿನ ಅಭ್ಯಾಸಪಟ್ಟಿ, ಒಂಬತ್ತಕ್ಕೆ ಬಿಳಿಯ ಮೇಲೆ ಬಿಳಿಯ ಹೊಲಿಗೆ, ಹನ್ನೊಂದಕ್ಕೆ ಪೂರ್ತಿ ಪೆಟ್ಟಿಗೆ. ನಮ್ಮ ಮೊಮ್ಮಕ್ಕಳು ಆ ವಯಸ್ಸಿನಲ್ಲಿ ಶೂ ಲೇಸು ಕಟ್ಟಿಕೊಳ್ಳಲು ತಾಯಿಯನ್ನು ಕರೆಯುತ್ತಾರೆ. ಆ ಹೊಲಿಗೆಗಳನ್ನು ಬಿಚ್ಚಿಸಿ ಮತ್ತೆ ಹಾಕಿಸಿದ ಕಣ್ಣುಗಳು, ಸೂಜಿ ಚುಚ್ಚಿದ ಬೆರಳುಗಳು ಇವೆಲ್ಲ ಅದರೊಳಗಿವೆ. ಅದೇ ವಸ್ತುಗಳನ್ನು ಅವಳ ಮನೆತನದ ಹೆಣ್ಣುಮಕ್ಕಳು ತಾಯಿಯಿಂದ ಮಗಳಿಗೆಂದು ಮುನ್ನೂರು ವರ್ಷಕ್ಕೂ ಹೆಚ್ಚುಕಾಲ ದಾಟಿಸಿಕೊಂಡು ಬಂದರೆಂಬುದೂ ನಿಜವೇ. ಶಿಕ್ಷೆಯೆಂದಷ್ಟೇ ಅನ್ನಿಸಿದ್ದರೆ ಯಾರೂ ಹಾಗೆ ಕಾಪಾಡುತ್ತಿರಲಿಲ್ಲ.

ಕಲೆ ಮತ್ತು ಕೈಕೆಲಸದ ನಡುವೆ ಗೋಡೆಯೆಬ್ಬಿಸಿದ ದಿನವನ್ನು ಬಹುಮಟ್ಟಿಗೆ ಗುರುತಿಸಬಹುದು. ಲಂಡನ್ನಿನ ರಾಯಲ್ ಅಕಾಡೆಮಿ ಸ್ಥಾಪನೆಯಾದದ್ದು 1768ರಲ್ಲಿ. ಒಂದೆರಡು ವರ್ಷಗಳೊಳಗೇ ಅದು, ಸೂಜಿಯ ಕೆಲಸ, ಕಾಗದ ಕತ್ತರಿಸಿದ ಚಿತ್ರ, ಕೃತಕ ಹೂ, ಕಪ್ಪೆಚಿಪ್ಪಿನ ಕೆಲಸ ಇತ್ಯಾದಿಗಳಿಗೆ ತನ್ನ ಪ್ರದರ್ಶನದಲ್ಲಿ ಪ್ರವೇಶವಿಲ್ಲವೆಂದು ನಿರ್ಣಯಿಸಿತು. ಲೆಸ್ಟರಿನ ಮೇರಿ ಲಿನ್‌ವುಡ್ ಇದಕ್ಕೆ ತನ್ನದೇ ಉತ್ತರ ಕೊಟ್ಟಳು. ಉಣ್ಣೆಯ ನೂಲಿನಲ್ಲಿ ದೊಡ್ಡ ದೊಡ್ಡ ತೈಲಚಿತ್ರಗಳನ್ನು ಹೊಲಿದು, 1809ರಿಂದ ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಸ್ವಂತ ಗ್ಯಾಲರಿಯನ್ನೇ ನಡೆಸಿದಳು. ಜನ ಟಿಕೆಟ್ ಕೊಂಡು ನೋಡಿದರು. ಇಟಲಿಯ ಕಾರ್ಲೊ ಡೋಲ್ಚಿಯ ಕ್ರಿಸ್ತನನ್ನು ಆಕೆ ಹೊಲಿದ ಚಿತ್ರಕ್ಕೆ ಮೂರು ಸಾವಿರ ಗಿನಿಗಳ ಬೆಲೆ ಬಂದರೂ ಮಾರದೆ ವಿಕ್ಟೋರಿಯಾ ರಾಣಿಗೆ ಬಿಟ್ಟುಹೋದಳು. 1845ರಲ್ಲಿ ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಆಕೆ ತೀರಿಕೊಂಡ ಮೇಲೆ ಉಳಿದ ಚಿತ್ರಗಳು ಹರಾಜಿನಲ್ಲಿ ತೀರ ಅಗ್ಗಕ್ಕೆ ಹೋದವು.

ಮತ್ತೆ ಇವುಗಳಿಗೆ ಬೆಲೆ ಬಂದದ್ದು ಇಪ್ಪತ್ತನೆಯ ಶತಮಾನದ ಸಂಗ್ರಹಕಾರರಿಂದ. ನ್ಯೂಯಾರ್ಕಿನ ನ್ಯಾಯಾಧೀಶ ಅರ್ವಿನ್ ಅಂಟರ್‌ಮೈಯರ್, ಗ್ಲಾಸ್ಗೋದ ಹಡಗು ವ್ಯಾಪಾರಿ ವಿಲಿಯಂ ಬರೆಲ್, ಪೋರ್ಟ್ ಸನ್‌ಲೈಟಿನ ಲಾರ್ಡ್ ಲೆವರ್‌ಹ್ಯೂಮ್ ಮೊದಲಾದವರು ಕೊಂಡು ಕೂಡಿಟ್ಟರು. ಕೊನೆಯ ಹೆಸರು ಓದುಗರಿಗೆ ಹೊಸದಾದರೂ ಅವರ ಸಾಬೂನು ಹೊಸದಲ್ಲ. ನಮ್ಮ ಅಜ್ಜಿಯರ ಕಾಲದಿಂದ ಬಟ್ಟೆ ಒಗೆದ ಸನ್‌ಲೈಟ್ ಸೋಪಿನ ಲಾಭದಲ್ಲಿ ಕಟ್ಟಿಸಿದ, 1922ರಲ್ಲಿ ತೆರೆದ ಗ್ಯಾಲರಿಯಲ್ಲಿ ಈಗ ಎಸ್ತೇರಳೂ ಹಾಗರಳೂ ಇದ್ದಾರೆ. ಆ ಲೆಕ್ಕದಲ್ಲಿ ನಮ್ಮದೂ ಒಂದು ಕಾಸಿನ ಪಾಲು ಅಲ್ಲಿದೆ.

ಇದಕ್ಕಿಂತ ಹತ್ತಿರದ ನಂಟೂ ಒಂದಿದೆ. ಇಂಗ್ಲಿಷ್ ಹುಡುಗಿಯರು ಸೊಲೊಮೋನನ ನ್ಯಾಯತೀರ್ಪನ್ನು ಹೊಲಿಯುವುದಕ್ಕೆ ಸ್ವಲ್ಪ ಮೊದಲೇ ಬಂಗಾಳದ ಕಸುಬುದಾರರು ಪೋರ್ಚುಗೀಸ್ ವ್ಯಾಪಾರಿಗಳಿಗಾಗಿ ಹಳದಿ ಟಸ್ಸಾರ್ ರೇಷ್ಮೆಯಲ್ಲಿ ಅದೇ ತೀರ್ಪನ್ನು ದೊಡ್ಡ ಹಾಸುಗಳ ಮೇಲೆ ಹೊಲಿಯುತ್ತಿದ್ದರು. ಒಂದು ಮಗುವಿಗಾಗಿ ಇಬ್ಬರು ತಾಯಂದಿರ ಜಗಳ, ಎತ್ತಿದ ಕತ್ತಿ. ಅಂಥ ಹಾಸುಗಳು ಇಂದು ಯೂರೋಪು ಅಮೆರಿಕಗಳ ಸಂಗ್ರಹಾಲಯಗಳಲ್ಲಿವೆ. ಅವನ್ನು ಹೊಲಿದವರ ಒಂದು ಹೆಸರೂ ಇಲ್ಲ.

ಹೆಸರಿನ ಮಾತು ಬಂದಾಗ ನಮ್ಮ ಧಾರವಾಡದ ಕಸೂತಿ ನೆನಪಾಗದೆ ಇರುವುದಿಲ್ಲ. ಎಳೆಯೆಣಿಸಿ ಹಾಕುವ ಗವಂತಿ, ಮುರಗಿಗಳಲ್ಲಿ ಗಂಟಿಲ್ಲ, ಹಿಂದುಮುಂದುಗಳಿಲ್ಲ. ಗೋಪುರ, ತೇರು, ತುಳಸಿಕಟ್ಟೆ ಎರಡು ಬದಿಗೂ ಒಂದೇ. ಆ ಮಟ್ಟಿಗೆ ಇಂಗ್ಲಿಷ್ ಹುಡುಗಿಯರಿಗಿಂತ ನಮ್ಮವರದು ಕಟ್ಟುನಿಟ್ಟು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು, ಸಂತೋಷ. ಆದರೆ ಅದು ಕಾಪಾಡುವುದು ಊರಿನ ಹೆಸರನ್ನು. ಹೊಲಿದವಳ ಹೆಸರು ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಸಂಗ್ರಹಾಲಯಗಳು ಮನೆಮನೆಯ ಕಸೂತಿ, ಮಣಿಯ ಚಿತ್ರ, ದುಪ್ಪಟಿಗಳನ್ನು ಪಡೆದುಕೊಳ್ಳುವಾಗ ಕೊಟ್ಟವರ ಹೆಸರನ್ನು ಕೇಳುವಷ್ಟೇ ಶ್ರದ್ಧೆಯಿಂದ ಮಾಡಿದವಳ ಹೆಸರು, ಊರು, ವರ್ಷ ಕೇಳಿ ಬರೆದುಕೊಳ್ಳಲಿ. ಅದಕ್ಕೆ ಅನುದಾನ ಬೇಕಾಗಿಲ್ಲ. ಮನೆಗಳಲ್ಲಿ ಇನ್ನೂ ಉಳಿದವುಗಳ ವಿಷಯದಲ್ಲಿ ನಾವು ಮಾಡಬಹುದಾದದ್ದೂ ಸರಳ. ರೇಷ್ಮೆಗೆ ಬೆಳಕೇ ವಿಷ. ಸಂಗ್ರಹಾಲಯದ ಆ ಅರೆಗತ್ತಲು ಸುಮ್ಮನೆ ಅಲ್ಲ, ಅಲ್ಲಿ ಐವತ್ತು ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ಕಬ್ಬಿಣದ ಅಂಶ ಸೇರಿಸಿ ಬಣ್ಣ ಕಟ್ಟಿದ ಕಪ್ಪು ನೂಲು ಎಲ್ಲಕ್ಕಿಂತ ಮೊದಲು ಪುಡಿಯಾಗುತ್ತದೆ. ಹಳೆಯ ಕಸೂತಿಗಳಲ್ಲಿ ಕಪ್ಪಿದ್ದ ಕಡೆ ಬರಿ ಬಟ್ಟೆ ಕಾಣುವುದು ಅದಕ್ಕೇ. ಬಿಸಿಲು ಬೀಳುವ ಗೋಡೆಯಿಂದ ಇಳಿಸಿ, ಪೆನ್ಸಿಲಿನಲ್ಲಿ ಒಂದು ಚೀಟಿ ಬರೆದು ಜೊತೆಗಿಟ್ಟರೆ ಸಾಕು.

ಈ ಬುದ್ಧಿವಾದ ಹೇಳುವ ಅರ್ಹತೆ ನನಗಿದೆಯೇ ಎಂದು ಕೇಳಿದರೆ, ಇಲ್ಲ. ನನ್ನ ಸೋದರತ್ತೆ ಹದಿನೈದರಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಅವಳು ಹೊಲಿದ ಗಜೇಂದ್ರಮೋಕ್ಷದ ಚಿತ್ರವೊಂದು ಕಟ್ಟು ಹಾಕಿಸಿ ತೂಗಿತ್ತು. ನೀಲಿ ರೇಷ್ಮೆಯ ಕೊಳ, ಬೂದು ಆನೆ, ಮೇಲೆ ಗರುಡನ ಮೇಲೆ ವಿಷ್ಣು. ಮೊಸಳೆಯ ಬಾಯಿ ಆನೆಯ ಕಾಲನ್ನು ಹಿಡಿದಿರುವಲ್ಲಿ ನಾಲ್ಕೇ ನಾಲ್ಕು ಕೆಂಪು ಎಳೆ. ಅವಳು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1987ರಲ್ಲಿ, ಮನೆ ಪಾಲಾಯಿತು. ಪಟ್ಟಿ ಬರೆದವನು ನಾನೇ. ವಿದ್ಯಾವಂತನೆಂದು ನನಗೆ ಒಪ್ಪಿಸಿದ್ದರು. ಹಂಡೆ, ಕೊಳಗ, ತಟ್ಟೆ, ಲೋಟಗಳನ್ನು ತೂಕ ಹಾಕಿಸಿ ಬರೆದೆ. ಚಿತ್ರ ಪಟ್ಟಿಯಲ್ಲಿ ಬರಲಿಲ್ಲ. ಕಟ್ಟು ತೇಗದ್ದು, ಗಾಜು ಚೆನ್ನಾಗಿತ್ತು. ಅದನ್ನು ಬಿಚ್ಚಿ ತಂದೆಯವರ ಫೋಟೋಕ್ಕೆ ಹಾಕಿಸಿದೆವು. ಬಟ್ಟೆ ಏನಾಯಿತೋ.

ಲಂಡನ್ನಿನಿಂದ ಬಂದ ಮೇಲೆ ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿ, ಅತ್ತೆ ಅದನ್ನು ಯಾವ ವರ್ಷ ಹೊಲಿದಳು, ಯಾರು ಕಲಿಸಿದರು, ಆ ಕಥೆಯನ್ನೇ ಏಕೆ ಆರಿಸಿಕೊಂಡಳು ಎಂದು ಕೇಳಿದೆ. ಅಕ್ಕನಿಗೆ ಎಂಬತ್ತ ಮೂರು. ಮೊಸಳೆಯ ಕಣ್ಣಿಗೆ ಅಜ್ಜನ ಅಂಗಿಯ ಗುಂಡಿ ಹಚ್ಚಿದ್ದಳೆಂಬುದು ಅವಳಿಗೆ ನೆನಪಿದೆ. ಉಳಿದದ್ದು ಗೊತ್ತಿಲ್ಲ. ಅತ್ತೆಗೆ ಬರೆಯಲು ಬರುತ್ತಿತ್ತೇ ಎಂದೆ. ಚೆನ್ನಾಗಿ ಬರುತ್ತಿತ್ತು ಎಂದಳು. ಮನೆಯ ಹಾಲಿನ ಲೆಕ್ಕ ಬರೆಯುತ್ತಿದ್ದವಳು ಅವಳೇ, ಇಪ್ಪತ್ತೆರಡು ವರ್ಷ, ಒಂದು ದಿನವೂ ತಪ್ಪದೆ.